ಎರಡೇ ಸೀಟಿನ ಕಾರು

ನಮ್ಮ ಮನೆಗೆ ಯಾವ ಕಾರು ಬಂದರೂ ಅದರಲ್ಲಿ ನನ್ನ ಜಾಗ ಒಂದೇ. ಹಿಂದಿನ ಸೀಟಿನ ನಡುಮಧ್ಯ. ಕಾಲ ಕೆಳಗೆ ಕಾರಿನ ನೆಲದ ಉಬ್ಬು, ಎಡಕ್ಕೆ ದೊಡ್ಡತ್ತೆ, ಬಲಕ್ಕೆ ನಾದಿನಿ, ತೊಡೆಯ ಮೇಲೆ ಯಾರದೋ ಮಗು, ಆ ಮಗುವಿನ ತೊಡೆಯ ಮೇಲೆ ರೊಟ್ಟಿಯ ಬುತ್ತಿ. ಮಲೆಬೆನ್ನೂರಿನಲ್ಲಿ ನೆಂಟರ ಮದುವೆ ಎಂದರೆ ಒಂಬತ್ತು ಜನ ಹೊರಡುತ್ತಿದ್ದೆವು. ಹತ್ತನೆಯವರು ದಾರಿಯಲ್ಲಿ ಕೈ ಅಡ್ಡ ಹಾಕಿದರೆ ನಮ್ಮ ಮಾವನವರು "ಬರ್ರಿ ಬರ್ರಿ, ಜಾಗ ಐತೆ" ಎಂದು ತಾವೇ ಬಾಗಿಲು ತೆಗೆಯುತ್ತಿದ್ದರು. ಆ ಜಾಗ ಎಲ್ಲಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಪಕ್ಕೆಲುಬುಗಳ ನಡುವೆ ಇತ್ತು.

ಹೀಗೆ ಒತ್ತಿಕೊಂಡು ಕುಳಿತು ಹರಿಹರದ ಕಡೆ ಹೋಗುತ್ತಿದ್ದಾಗ ಒಮ್ಮೆ, ಮದುವೆಯಾದ ಹೊಸತು, ಪಿ.ಬಿ. ರಸ್ತೆಯಲ್ಲಿ ಒಂದು ತೆರೆದ ಕಾರು ನಮ್ಮನ್ನು ಹಿಂದೆ ಹಾಕಿ ಹೋಯಿತು. ತಲೆಯ ಮೇಲೆ ಟಾಪ್ ಇಲ್ಲ. ಗಿಡ್ಡಗೆ, ನೆಲಕ್ಕೆ ಅಂಟಿಕೊಂಡ ಹಾಗೆ, ಕಡು ಹಸಿರು ಬಣ್ಣ. ಮಿಲ್ಲಿನವರೊಬ್ಬರದು, ವಿಲಾಯತಿ ಸ್ಪೋರ್ಟ್ಸ್ ಕಾರು ಎಂದು ಮಾವ ಹೇಳಿದರು. ಬಣ್ಣ, ಸ್ಪೀಡು ಎಲ್ಲ ಆಮೇಲಿನ ಮಾತು. ನಾನು ಮೊದಲು ನೋಡಿದ್ದು ಅದರ ಸೀಟು. ಎರಡೇ ಎರಡು. ಒಂದರಲ್ಲಿ ಓಡಿಸುವವನು, ಇನ್ನೊಂದು ಖಾಲಿ. ಖಾಲಿ ಸೀಟೊಂದು ಗಾಳಿಗೆ ಮೈಯೊಡ್ಡಿ, ಯಾರನ್ನೂ ಹೊರದೆ, ತನ್ನ ಪಾಡಿಗೆ ತಾನು ಊರು ದಾಟುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಮ್ಮ ಹೊಲಿಗೆಯ ಸಿಸ್ಟರ್ ನನ್ನ ಕಾಲು ನೋಡಿ "ಸಿಟ್ ಸ್ಟಿಲ್, ಚೈಲ್ಡ್" ಎನ್ನುತ್ತಿದ್ದರು. ಕೈ ಕ್ರೋಶ ಹಾಕುತ್ತಿದ್ದರೂ ಕಾಲು ಕುಣಿಯುತ್ತಲೇ ಇರುತ್ತಿತ್ತಂತೆ. ಆ ಕಾಲಿಗೆ ವಯಸ್ಸಾಯಿತೇ ಹೊರತು ಬುದ್ಧಿ ಬರಲಿಲ್ಲ. ನಮ್ಮ ದಾವಣಗೆರೆ ಜಿಲ್ಲೆಯಾದ ಹೊಸದರಲ್ಲಿ, ಅರವತ್ತು ದಾಟಿದ ಮೇಲೆ, ನನ್ನ ರೆಸ್ಟ್‌ಲೆಸ್‌ನೆಸ್ ಇನ್ನೂ ಹೆಚ್ಚಾಯಿತು. ದೇವರಾಜ ಅರಸು ಬಡಾವಣೆಯ ನಮ್ಮ ಮನೆ ತುಂಬ ಜನ. ಮೈದುನನ ಸಂಸಾರ, ನಮ್ಮ ಮಗನ ಸಂಸಾರ, ಬಂದು ಹೋಗುವ ಅರಳೆ ವ್ಯಾಪಾರದವರು. ನಾನು ಬೆಳಿಗ್ಗೆ ಹಿತ್ತಿಲಿಗೆ ಹೋಗುವೆ, ಗೇಟಿಗೆ ಬರುವೆ, ಮಹಡಿ ಹತ್ತುವೆ, ಇಳಿಯುವೆ. ಐವತ್ತರ ಮೇಲೆ ಹಟ ಹಿಡಿದು ಕಲಿತ ಡ್ರೈವಿಂಗಿನ ಲೈಸೆನ್ಸು ಪರ್ಸಿನಲ್ಲಿ ವಿಭೂತಿಯ ಪೊಟ್ಟಣದ ಪಕ್ಕ ಬೆಚ್ಚಗೆ ಮಲಗಿತ್ತು. ಅಂಬಾಸಡರನ್ನು ಪೋರ್ಟಿಕೋದಿಂದ ಗೇಟಿನವರೆಗೆ ರಿವರ್ಸ್ ತೆಗೆಯಲು ನನಗೆ ಪರ್ಮಿಷನ್ ಇತ್ತು. ಗೇಟು ದಾಟಿದ ಮೇಲೆ ಮೈದುನ ಸ್ಟೇರಿಂಗ್ ಹಿಡಿಯುವನು, ನಾನು ಹಿಂದೆ ಹೋಗಿ ನಡುಮಧ್ಯ ಕೂರುವೆ.

ಆ ಮೈದುನನೇ ಒಂದು ದಿನ ಸುದ್ದಿ ತಂದ. ನನ್ನ ಗಂಡನ ಕೊನೆಯ ತಮ್ಮ ಅವನು, ಐವತ್ತರ ಹತ್ತಿರದವನಾದರೂ ಮಾತು ಇನ್ನೂ ಹುಡುಗಾಟದ್ದೇ.

"ಅತ್ಗೆವ್ರೆ, ನಿಮ್ಮ ಹಳೇ ಲವ್ವು ಹರಿಹರದಾಗೆ ಐತಂತೆ."

"ಏನಪ್ಪ ಅದು, ಊಟದ ಹೊತ್ತಿನಲ್ಲಿ?"

"ಅದೇ ಹಸಿರು ಗಾಡಿ. ಎರಡು ಸೀಟಿಂದು. ಮಿಲ್ಲಿನವ್ರ ಕಡಿಂದ ಒಬ್ಬ ಮಂಡಕ್ಕಿ ಸಾಹುಕಾರ್ರು ತಗಂಡಿದ್ರಂತೆ ಆವಾಗ್ಲೇ. ಹೋದ ವರ್ಷ ಅವ್ರು ತೀರಿಕೊಂಡ್ರು. ಮಗ ಮಾರ್ತಾನಂತೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಾಲು ಟೇಬಲ್ಲಿನ ಕೆಳಗೆ ತಾಳ ಹಾಕಲು ಶುರುಮಾಡಿತು. ತವರಿನಿಂದ ಬಂದ ನನ್ನ ಪಾಲಿನ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇತ್ತು. ಅದನ್ನು ಯಾವುದಕ್ಕೆ ಇಟ್ಟಿದ್ದೀ ಎಂದು ಕೇಳಿದವರಿಗೆಲ್ಲ "ಸುಮ್ಮನೆ" ಎನ್ನುತ್ತಿದ್ದೆ. ಆಗ ಗೊತ್ತಾಯಿತು ಯಾವುದಕ್ಕೆಂದು.

ನನ್ನ ಗಂಡ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಅರಳೆಯ ಅಂಡಿಗೆಯನ್ನು ತೂಗುವ ದನಿಯಲ್ಲಿ ಹೇಳಿದರು: "ನೋಡು, ದುಡ್ಡು ನಿಂದು, ತಲೇನೂ ನಿಂದು. ಒಂದೇ ಮಾತು. ಹಳೇ ಕಾರು ಅಂದ್ರೆ ಜಂಗು, ತುಕ್ಕು. ಎಲ್ಲಿ ಒಂದು ತೂತು ಸಿಕ್ತೋ ಅಲ್ಲಿಗೆ ಈ ಮಾತು ಮುಗೀತು. ಆಮ್ಯಾಲೆ ಜನ್ಮದಾಗೆ ಕಾರು ಅಂತ ಎತ್ತಬಾರ್ದು."

"ತೂತು ಇಲ್ಲದಿದ್ದರೆ?"

"ಇಲ್ದಿದ್ರೆ ನಾನೇ ಹಾರ ಹಾಕಿ ಕಾಯಿ ಒಡೀತೀನಿ. ನೋಡೋಳೂ ನೀನೇ. ನಾನು ಕೈ ಹಾಕಲ್ಲ."

ಎಂಥ ಚಾಣಾಕ್ಷ ವ್ಯಾಪಾರಿ! ಪರೀಕ್ಷೆಗೆ ಕೂರುವವಳೂ ನಾನು, ಪೇಪರ್ ತಿದ್ದುವವಳೂ ನಾನು. ನಾನು ಸುಳ್ಳು ಹೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೇಳಬಾರದೆಂದಲ್ಲ, ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ.

ಒಂದು ವಾರ ನಾನು ನಿದ್ದೆ ಸರಿಯಾಗಿ ಮಾಡಲಿಲ್ಲ. ಹಳೆಯ ಪೇಪರ್ ಅಂಗಡಿಯಲ್ಲಿ ಹುಡುಕಿ ಒಂದು ಇಂಗ್ಲಿಷ್ ಮೋಟಾರ್ ಮ್ಯಾಗಝೀನು ತಂದೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ತುಕ್ಕು ಎಲ್ಲೆಲ್ಲಿ ನೋಡಬೇಕು ಎಂದು ಅದರಲ್ಲಿ ಬರೆದಿದ್ದರು. ಬಣ್ಣ ನೋಡಿ ಮೋಸ ಹೋಗಬೇಡಿ, ಮ್ಯಾಗ್ನೆಟ್ ಹಿಡಿದು ನೋಡಿ. ತಗಡು ಇದ್ದಲ್ಲಿ ಅಂಟುತ್ತದೆ, ಪುಟ್ಟಿ ಮೆತ್ತಿದ್ದಲ್ಲಿ ಜಾರುತ್ತದೆ. ಬಾಗಿಲು ತೆಗೆದಾಗ ಜೋತು ಬೀಳುತ್ತದೆಯೇ ನೋಡಿ. ಮುಖ್ಯವಾಗಿ ಬಾಗಿಲ ಕೆಳಗಿನ ಹೊಸ್ತಿಲು. ಮೇಲೆ ಸೂರಿಲ್ಲದ ಕಾರಿಗೆ ಆ ಹೊಸ್ತಿಲೇ ಬೆನ್ನೆಲುಬು, ಅದು ಹೋದರೆ ಕಾರು ನಡುವೆ ಮುರಿದು ಕೂರುತ್ತದೆ. ಕಾರ್ಪೆಟ್ ಎತ್ತದೆ ಯಾವ ಕಾರನ್ನೂ ಕೊಳ್ಳಬೇಡಿ. ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರಂತೆ, ಆ ಉಪ್ಪೇ ಕಾರಿನ ಮೊದಲ ಶತ್ರು ಎಂದೂ ಇತ್ತು.

ಇದನ್ನು ಓದಿ ಹೇಳಿದಾಗ ಮೈದುನ ಬಿದ್ದು ಬಿದ್ದು ನಕ್ಕ. "ರಸ್ತಿಗೆ ಉಪ್ಪಾ? ನಮ್ಮೂರಾಗೆ ಒಂದು ಚಿಟಿಕಿ ಉಪ್ಪು ಚೆಲ್ಲಿದ್ರೆ ಅವ್ವ ಬೆನ್ನಿಗೆ ಗುದ್ದೋಳು. ಅತ್ಗೆವ್ರೆ, ಬಿಡ್ರಿ ಚಿಂತಿ. ಇದೇನು ಮಂಗಳೂರು ಗಾಡಿನಾ? ದಾವಣಗೆರಿ ಬಿಸಿಲಾಗೆ ಮನುಷ್ಯನೇ ಒಣಗಿ ಹೋಗ್ತಾನೆ, ಜಂಗೆಲ್ಲಿಂದ ಬರ್ತೈತೆ?"

ನಾನೂ ನಕ್ಕೆ. ಆ ಮಾತು ನನಗೆ ಬೇಕಾಗಿತ್ತು. ಆದರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಹಣ್ಣಿನ ಮ್ಯಾಗ್ನೆಟ್ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಒಂದು ಟಾರ್ಚು. ತುಕ್ಕು ಚುಚ್ಚಿ ನೋಡಲು ಸ್ಕ್ರೂಡ್ರೈವರ್ ಬೇಕು ಎಂದಿದ್ದರು. ನನ್ನ ಕೈಗೆ ಒಗ್ಗಿದ್ದು ಬೋರ್ಡಿಂಗಿನ ಕಾಲದ ಸ್ಟೀಲಿನ ನಿಟ್ಟಿಂಗ್ ಕಡ್ಡಿ. ಕೇಕು ಒಳಗೆ ಬೆಂದಿದೆಯೇ ಎಂದು ಅದರಲ್ಲೇ ಚುಚ್ಚಿ ನೋಡುತ್ತಿದ್ದೆ. ಕಾರಿಗೂ ಅದೇ ಸಾಕು ಎಂದುಕೊಂಡೆ.

ಹರಿಹರಕ್ಕೆ ಹೋದದ್ದು ಒಂದು ಸೋಮವಾರದ ಬೆಳಿಗ್ಗೆ. ನಾನು, ನನ್ನ ಗಂಡ, ಮೈದುನ, ಮೂವರೇ. ಮೂವರೇ ಇದ್ದರೂ ಅಭ್ಯಾಸಬಲದಿಂದ ನಾನು ಹಿಂದಿನ ಸೀಟಿನ ನಡುಮಧ್ಯ ಕುಳಿತದ್ದನ್ನು ಊರು ದಾಟಿದ ಮೇಲೆ ಗಮನಿಸಿ, ಬೇಕೆಂದೇ ಕಿಟಕಿಗೆ ಸರಿದೆ.

ಹೊಳೆಗೆ ಇಳಿಯುವ ದಾರಿಯ ಮೇಲೆ ಅವರ ಮನೆ. ಮನೆಯ ಪಕ್ಕ ಶೀಟು ಹೊದೆಸಿದ ಶೆಡ್ಡು. ಸಾಹುಕಾರರ ಮಗ ನಲವತ್ತರ ಆಸುಪಾಸಿನ ಮನುಷ್ಯ, ಹಣೆಯ ಮೇಲೆ ದಪ್ಪ ವಿಭೂತಿ, ನಿಧಾನದ ಮಾತು. ಅವನು ಬಟ್ಟೆ ಎಳೆದ. ಅದೇ ಹಸಿರು.

ಏನು ಹೇಳಲಿ? ನಲವತ್ತು ವರ್ಷದ ಕೆಳಗೆ ನನ್ನನ್ನು ಹಿಂದೆ ಹಾಕಿ ಹೋಗಿದ್ದ ಕಾರು ಅಲ್ಲಿ ನಿಂತು ನನಗಾಗಿ ಕಾಯುತ್ತಿತ್ತು. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ. ಲೆದರ್ ಸೀಟು ಒಂದಿಷ್ಟೂ ಬಿರಿದಿರಲಿಲ್ಲ. ಕನ್ನಡಿಯಲ್ಲಿ ನನ್ನ ಬಿಳಿ ಕೂದಲು ಕಂಡಿತು, ಕಂಡರೆ ಕಾಣಲಿ ಬಿಡು ಎಂದುಕೊಂಡೆ.

"ಹೊಳೆ ಪಕ್ಕ ಇಟ್ಟೀರಲ್ಲ, ನೀರು ನುಗ್ಗಿಲ್ಲ ತಾನೆ?" ನನ್ನ ಗಂಡ ಕೇಳಿದರು.

"ಇಲ್ಲ ಬಿಡ್ರಿ ಯಜಮಾನ್ರೆ. ಇಲ್ಲಿಗೆ ತಂದಿದ್ದೇ ಈ ದೀಪಾವಳಿಗೆ. ಅಲ್ಲಿತಂಕ ದಾವಣಗೆರಿ ಭಟ್ಟಿ ಶೆಡ್ನಾಗೇ ಇತ್ತು. ಅಪ್ಪಾರು ಬೇಕಂತ್ಲೇ ಅಲ್ಲಿ ಇಟ್ಟಿದ್ರು. ಆ ಕಡೆ ಮಂಡಕ್ಕಿ ಹುರಿಯೋ ಒಲೆ, ಈ ಕಡೆ ಗಾಡಿ. ಬಾಣಂತಿ ಇಟ್ಟಂಗೆ ಬೆಚ್ಚಗೆ ಇಟ್ಟಿದ್ರು. ಹಸಿ ಅನ್ನೋದು ಕಂಡಿಲ್ಲ ಗಾಡಿ."

"ಕೇಳಿದ್ರಾ ಅತ್ಗೆವ್ರೆ? ಬಾಣಂತಿ ಗಾಡಿ," ಎಂದ ಮೈದುನ.

ಸಾಹುಕಾರರ ಮಗ ಸ್ಟಾರ್ಟ್ ಮಾಡಿದ. ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಶೆಡ್ಡಿನ ಶೀಟುಗಳು ಗಡಗಡಿಸಿದವು, ನನ್ನ ಎದೆಯೂ. ಗಂಡಸರು ಬಾನೆಟ್ ಎತ್ತಿ ಒಳಗೆ ಬಗ್ಗಿ "ಏ, ಏನು ಸೌಂಡ್ ರೀ" ಎಂದು ತಲೆದೂಗಿದರು. ಆಮೇಲೆ ತಿಂಡಿಗೆ ಏಳಿ ಎಂದು ಮಗ ಕರೆದ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿಯ ಕರಿದ ವಾಸನೆ ಮನೆಯೊಳಗಿನಿಂದ ಬರುತ್ತಿತ್ತು.

"ನೀವು ಹೋಗಿ. ನಾನು ನೋಡಿ ಬರುತ್ತೇನೆ," ಎಂದೆ.

"ನೋಡು ನೋಡು. ಸಮಾಧಾನವಾಗಿ ನೋಡು," ಎಂದು ನನ್ನ ಗಂಡ ಒಂದು ಥರಾ ನಕ್ಕು ಹೋದರು.

ನಾನೊಬ್ಬಳೇ ಉಳಿದೆ. ಮ್ಯಾಗ್ನೆಟ್ ತೆಗೆದು ಬಾನೆಟ್ಟಿನ ಮೇಲಿಟ್ಟೆ. ಟಕ್ಕನೆ ಅಂಟಿತು. ಮಡ್‌ಗಾರ್ಡು, ಅಂಟಿತು. ಹೆಡ್‌ಲೈಟಿನ ಸುತ್ತ, ಅಂಟಿತು. ಬಾಗಿಲು, ಡಿಕ್ಕಿ, ಸ್ಪೇರ್ ಟೈರಿನ ಗುಂಡಿ, ಎಲ್ಲ ಕಡೆ ಆ ಪ್ಲಾಸ್ಟಿಕ್ಕಿನ ಮಾವಿನಹಣ್ಣು ಮಗು ಎದೆಗೆ ಕಚ್ಚಿಕೊಂಡ ಹಾಗೆ ಕಚ್ಚಿಕೊಂಡಿತು. ಒಂದೊಂದು ಸಲ ಅಂಟಿದಾಗಲೂ ನನಗೆ ಕುಣಿಯುವ ಹಾಗಾಗುತ್ತಿತ್ತು. ಆಗಲೇ ಮನಸ್ಸಿನಲ್ಲಿ ದಾರಿ ಹಾಕುತ್ತಿದ್ದೆ: ಮೊದಲು ಆನೆಕೊಂಡದ ಕಡೆ ಒಂದು ಸುತ್ತು, ಆಮೇಲೆ ಪಿ.ಬಿ. ರಸ್ತೆ, ಹರಿಹರದ ಸೇತುವೆ ದಾಟಿ, ಅಲ್ಲಿಂದ ಮುಂದೆ ಎಲ್ಲಿಗೋ. ಪಕ್ಕದ ಸೀಟು ಖಾಲಿ. ಇಲ್ಲವೇ ನನ್ನ ಬ್ಯಾಗು ಒಂದೇ.

ಬಾಗಿಲು ತೆಗೆದೆ. ತೆಗೆದದ್ದೇ ತಡ, ಬೆರಳಿನಷ್ಟು ಕೆಳಕ್ಕೆ ಜೋತು ಬಿತ್ತು. ಮುಚ್ಚುವಾಗ ಎತ್ತಿ ಮುಚ್ಚಬೇಕಾಯಿತು.

ಹಳೆಯ ಕಾರು, ಕೀಲು ಸವೆದಿರಬೇಕು, ಎಂದುಕೊಂಡೆ. ನಮ್ಮ ದೇವರ ಮನೆಯ ಬಾಗಿಲೂ ಹಾಗೇ ಅಲ್ಲವೇ.

ಇನ್ನು ಉಳಿದದ್ದು ಕಾರ್ಪೆಟ್. ಅದರ ಅಂಚಿಗೆ ಕೈ ಹಾಕಿ ಸುಮ್ಮನೆ ನಿಂತೆ. ಒಳಗೆ ಗಂಡಸರ ನಗು ಕೇಳುತ್ತಿತ್ತು. ಈಗ ಹೋಗಿ "ಎಲ್ಲ ನೋಡಿದೆ, ಚೆನ್ನಾಗಿದೆ" ಎಂದರೆ ಮುಗಿಯಿತು. ಎಲ್ಲ ನೋಡಿದೆ ಎಂಬುದೊಂದು ಮಾತ್ರ ಸುಳ್ಳು. ಕಿವಿಗಳು ಆಗಲೇ ಬಿಸಿಯಾದವು.

"ಏನು ಹುಡುಕ್ತೀಯವ್ವ?"

ತಿರುಗಿ ನೋಡಿದೆ. ಸಾಹುಕಾರರ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಸಣ್ಣ ಮೈ, ಮಾಸಿದ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆ. ಗೋಡೆ ಹಿಡಿದುಕೊಂಡು ಬಂದರು.

"ಸುಮ್ಮನೆ ನೋಡ್ತಾ ಇದ್ದೆ ಅವ್ವಾರೆ."

"ಓಡ್ಸೋಳು ನೀನೇ ಅಂತೆ? ಮಗ ಹೇಳ್ದ. ಯವ್ವಾ, ಚಲೋ ಆತು ಬಿಡು. ಗಂಡಸ್ರು ಓಡ್ಸಿ ಓಡ್ಸಿ ಏನು ಮಾಡಿದ್ರು." ಕಾರಿನ ಅಂಚನ್ನು ಅಂಗೈಯಿಂದ ಸವರಿದರು. "ನಂಗೂ ಒಂದ್ಸಲ ಇದ್ರಾಗೆ ಕೂಡ್ಬೇಕವ್ವ. ಅವ್ರು ಇರೋತಂಕ ಕೂಡ್ಸಲಿಲ್ಲ. ಸೀಟು ಹೊಲಸಾಗ್ತೈತೆ ಅನ್ನೋರು. ವಾರಕ್ಕೊಮ್ಮೆ ತಾವೊಬ್ರೇ ಕೂತು, ಚಾಲೂ ಮಾಡಿ, ಬಂದ್ ಮಾಡಿ, ಇಳಿಯೋರು. ಎಲ್ಲೀಗೂ ಹೋಗ್ತಿದ್ದಿಲ್ಲ."

"ಒಂದು ಸಲವೂ ಕೂತಿಲ್ಲವೇ?"

"ಒರೆಸಾಕೆ ಕೈ ಹಾಕೀನಿ. ಕೂತಿಲ್ಲ."

ನಾನು ಆ ಕಡೆಯ ಬಾಗಿಲನ್ನು ಎತ್ತಿ ತೆಗೆದೆ. ಅವರನ್ನು ಮೆಲ್ಲಗೆ ಕೂರಿಸಿ, ಸುತ್ತಿ ಬಂದು ಸ್ಟೇರಿಂಗಿನ ಹಿಂದೆ ಕುಳಿತೆ. ಇಬ್ಬರೂ ಶೆಡ್ಡಿನ ಗೋಡೆಯನ್ನು ನೋಡುತ್ತ ಕುಳಿತೆವು. ಅವರು ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡರು, ಗಾಳಿ ಬೀಸುತ್ತಿದೆಯೇನೋ ಎಂಬಂತೆ.

"ಎಷ್ಟು ಜ್ವಾಪಾನ ಮಾಡೀನಿ ಗೊತ್ತೇನು," ಎಂದರು. "ಕೆಳಗೆ ಈ ಮೆತ್ತಗಿಂದು ಐತಲ್ಲ, ಇದು ಧೂಳಾಗಬಾರ್ದು ಅಂತ ಚೀಲ ಹಾಸ್ತಿದ್ದೆ. ಮ್ಯಾಲೊಂದು, ಕೆಳಗೊಂದು. ಮಳೆಗಾಲ ಬಂತಂದ್ರೆ ಥಂಡಿ ಏಳಬಾರ್ದು ಅಂತ ಇನ್ನೆರಡು. ಭಟ್ಟ್ಯಾಗೆ ಚೀಲಕ್ಕೇನು ಬರ?"

"ಯಾವ ಚೀಲ ಅವ್ವಾರೆ?"

"ಉಪ್ಪಿಂದು. ಮಂಡಕ್ಕಿ ಅಕ್ಕಿಗೆ ಉಪ್ಪುನೀರು ಹಾಕ್ಬೇಕಲ್ಲ, ಮೂಟೆಗಟ್ಲೆ ಬರೋದು. ಅಕ್ಕಿ ಚೀಲ ಹಾಸಿದ್ರೆ ಇಲಿ ಬರ್ತಾವೆ. ಉಪ್ಪಿನ ಚೀಲಕ್ಕೆ ಇಲಿ ಮೂಸಲ್ಲ ನೋಡು. ಅವ್ರಿಗೆ ಅದು ಹೊಳೆದಿದ್ದಿಲ್ಲ. ನನ್ನ ತಲ್ಯಾಗೇ ಹೊಳೆದಿದ್ದು." ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ! "ಒಂದು ಇಲಿ ಕಡಿದಿದ್ದು ತೋರ್ಸು ಈ ಗಾಡ್ಯಾಗೆ."

ಇಲಿ ಕಡಿದದ್ದು ನಿಜವಾಗಿಯೂ ಒಂದೂ ಇರಲಿಲ್ಲ.

ನಾನು ಬಗ್ಗಿ ಕಾರ್ಪೆಟ್ಟಿನ ಮೂಲೆಯನ್ನು ಎತ್ತಿದೆ. ಗೋಣಿಯ ನಾರು ನೆಲಕ್ಕೆ ಅಂಟಿತ್ತು. ಅದರ ಮೇಲೆ ಬೆಳ್ಳಗೆ, ಹರಳು ಹರಳಾಗಿ ಒಂದು ಪದರ. ಬೆರಳಲ್ಲಿ ಒತ್ತಿಕೊಂಡು ನಾಲಿಗೆಗೆ ಇಟ್ಟೆ.

ಅಷ್ಟರಲ್ಲಿ ಮೈದುನ ನನಗೆ ತಿಂಡಿಯ ತಟ್ಟೆ ಹಿಡಿದು ಬಂದಿದ್ದ. "ಅತ್ಗೆವ್ರೆ! ಏನು ನೆಕ್ತೀರಿ? ಇಲಿ ಪಾಷಾಣ ಇದ್ದೀತು!"

ಉಪ್ಪು. ಅಡುಗೆಮನೆಯಲ್ಲಿ ನಲವತ್ತು ವರ್ಷ ನಿಂತವಳಿಗೆ ಅದೊಂದು ಗೊತ್ತಾಗದೆ ಇರುತ್ತದೆಯೇ. ಇಂಗ್ಲೆಂಡಿನ ರಸ್ತೆಯಲ್ಲೆಲ್ಲೋ ಬಿದ್ದಿರುತ್ತದೆ ಎಂದು ನಾವು ನಕ್ಕ ಉಪ್ಪು, ದಾವಣಗೆರೆಯ ಒಲೆಯ ಪಕ್ಕದಲ್ಲಿ, ಅಷ್ಟೊಂದು ಮಳೆಗಾಲಗಳ ತೇವವನ್ನು ಕುಡಿದು ಕುಡಿದು ಈ ಕಾರಿನ ನೆಲಕ್ಕೆ ಉಣಿಸಿತ್ತು.

ನಿಟ್ಟಿಂಗ್ ಕಡ್ಡಿ ತೆಗೆದು ಬಾಗಿಲ ಹೊಸ್ತಿಲಿನ ಒಳಮೈಗೆ ಊರಿದೆ. ಒತ್ತಲೂ ಇಲ್ಲ. ಬೇಯದ ಕೇಕಿನೊಳಕ್ಕೆ ಹೋದ ಹಾಗೆ ಬುಡದವರೆಗೆ ಹೋಯಿತು. ಹಪ್ಪಳದಂಥ ಕಂದು ತುಕ್ಕಿನ ಚೂರುಗಳು ಉದುರಿದವು. ಕಾರ್ಪೆಟ್ಟನ್ನು ಇನ್ನಷ್ಟು ಎತ್ತಿದೆ. ನೆಲವಿರಬೇಕಾದಲ್ಲಿ ಅಂಗೈಯಗಲದ ತೂತು. ಅದರ ಕೆಳಗೆ, ಕಾರಿನ ನೆರಳಲ್ಲಿ ಮಲಗಿದ್ದ ಒಂದು ಬೆಕ್ಕು ತಲೆಯೆತ್ತಿ ನನ್ನನ್ನೇ ನೋಡಿತು.

ಮೈದುನನ ನಗು ನಿಂತಿತು. ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟ. "ಕಾರ್ಪೆಟ್ ಮುಚ್ಚಿಬಿಡ್ರಿ," ಎಂದ ಮೆಲ್ಲಗೆ. "ಅಣ್ಣ ಬಗ್ಗಿ ನೋಡಂಗಿಲ್ಲ. ನಮ್ಮ ಗ್ಯಾರೇಜ್ನಾಗೆ ಒಂದು ತಗಡು ಬೆಸುಗೆ ಹಾಕ್ಸಿದ್ರಾತು."

ಅವನು ಪ್ರೀತಿಯಿಂದಲೇ ಹೇಳಿದ. ನಾನು ಒಂದು ಗಳಿಗೆ ಕಾರ್ಪೆಟ್ಟಿನ ಅಂಚು ಹಿಡಿದು ಹಾಗೇ ಕುಳಿತಿದ್ದೆ. ಆದರೆ ಬೆನ್ನೆಲುಬು ಕರಗಿದ್ದಕ್ಕೆ ತಗಡು ಹಚ್ಚಿ ಏನು ಮಾಡುವುದು? ಸೇತುವೆಯ ಮೇಲೆ ಅದು ಎರಡಾದರೆ? ಇಷ್ಟರಲ್ಲಿ ನನ್ನ ಗಂಡ ಕೈ ಒರೆಸಿಕೊಳ್ಳುತ್ತ ಶೆಡ್ಡಿನ ಬಾಗಿಲಿಗೆ ಬಂದರು.

"ಏನು? ಪಾಸೋ, ಫೇಲೋ?"

"ಫೇಲು," ಎಂದೆ. ಆ ಒಂದು ಶಬ್ದ ಹೇಳಲು ನನಗೆ ಎಷ್ಟು ಕಷ್ಟವಾಯಿತೋ ಆ ಶಿವನಿಗೇ ಗೊತ್ತು. "ಕೆಳಗೆಲ್ಲ ಹೋಗಿದೆ."

ಅವರು ಗೆದ್ದವರ ಹಾಗೆ ನಗಲಿಲ್ಲ, ಅದೊಂದು ಅವರ ದೊಡ್ಡತನ. "ಹೋಗ್ಲಿ ಬಿಡು," ಎಂದರು, ಅಷ್ಟೆ.

ಆದರೆ ಪಕ್ಕದಲ್ಲಿ ಕುಳಿತಿದ್ದ ಅವ್ವಾರು ನನ್ನ ತೋಳು ಹಿಡಿದರು. "ಏನಾತವ್ವ? ಏನು ಹೋಗೈತೆ? ತಗಳಲ್ವಾ?"

"ಕೆಳಗೆ ಸ್ವಲ್ಪ ತುಕ್ಕು ಹಿಡಿದಿದೆ ಅವ್ವಾರೆ."

"ತುಕ್ಕಾ? ಹೆಂಗೆ? ಅಷ್ಟು ಜ್ವಾಪಾನ ಮಾಡಿದ್ದೆನಲ್ಲ!"

ನನ್ನ ನಾಲಿಗೆಯ ಮೇಲೆ ಇನ್ನೂ ಉಪ್ಪಿತ್ತು. "ಹೊಳೆ ಪಕ್ಕ ಅಲ್ಲವೇ," ಎಂದೆ. "ಹೊಳೆಯ ಥಂಡಿ ಗಾಳಿ. ಅದಕ್ಕೇ."

ಕಿವಿ ಕೆಂಪಾಗಿರಬೇಕು. ಅವರಿಗೆ ಕಣ್ಣು ಮಂಜು, ಕಾಣಲಿಲ್ಲ.

"ನಾನು ಬಡ್ಕೊಂಡೆ!" ಅವ್ವಾರು ಕೂತಲ್ಲಿಂದಲೇ ಮಗನ ಮೇಲೆ ಹರಿಹಾಯ್ದರು. ಅವನು ಆಗ ತಾನೇ ಬಂದು ಬಾಗಿಲಲ್ಲಿ ನಿಂತಿದ್ದ. "ಭಟ್ಟಿ ಶೆಡ್ನಾಗೇ ಇರ್ಲಿ ಅಂತ ಬಡ್ಕೊಂಡೆ. ಕೇಳಿದ್ಯಾ? ಹೊಳಿ ದಂಡಿಗೆ ತಂದು ಹಾಳು ಮಾಡ್ದೆ. ನಿಮ್ಮಪ್ಪ ಇದ್ದಿದ್ರೆ ಚರ್ಮ ಸುಲಿಯೋರು."

"ಅಲ್ಲವ್ವ, ತಂದು ಆರು ತಿಂಗಳಾಗಿಲ್ಲ…"

"ಬಾಯಿ ಮುಚ್ಚು. ಓದಿದೋರು ಹೇಳ್ತಾರೆ, ಸುಳ್ಳು ಹೇಳ್ತಾರಾ?"

ಮಗ ನನ್ನ ಮುಖ ನೋಡಿದ. ಮೈದುನ ಶೆಡ್ಡಿನ ಸೂರನ್ನು ನೋಡಿದ. ನಾನು ತಟ್ಟೆ ತೆಗೆದುಕೊಂಡು ಮಂಡಕ್ಕಿ ತಿನ್ನತೊಡಗಿದೆ. ಮಗನಿಗೆ ಮಾತ್ರ ಆಮೇಲೆ ಬೇರೆಯಾಗಿ ಕರೆದು, ಕಾರ್ಪೆಟ್ ಎತ್ತಿ ತೋರಿಸಿ, ಇದನ್ನು ಯಾರಿಗೂ ಓಡಿಸಲು ಕೊಡಬೇಡಿ ಎಂದೆ. ಬಗ್ಗಿ ನೋಡಿದ. ಗೋಣಿಯ ನಾರನ್ನು ಎರಡು ಬೆರಳಲ್ಲಿ ಎತ್ತಿದ. ಅರ್ಥವಾಗಿತ್ತು. "ಅವ್ವಗೆ ಹೇಳ್ಬ್ಯಾಡ್ರಿ," ಎಂದ. "ಬೈಸ್ಕಂಡು ಇರ್ತೀನಿ."

ಹೊರಡುವಾಗ ಅವರ ಮನೆಗೆ ಬಂದಿದ್ದ ನೆಂಟರು ದಾವಣಗೆರೆಗೆ ಹೋಗುವವರಿದ್ದರು. ನನ್ನ ಗಂಡ ತಮ್ಮ ಅಪ್ಪನ ಹಾಗೆಯೇ "ಬರ್ರಿ ಬರ್ರಿ, ಜಾಗ ಐತೆ" ಎಂದು ಬಾಗಿಲು ತೆಗೆದರು. ಗಂಡ, ಹೆಂಡತಿ, ಅತ್ತೆ, ಎರಡು ಮಕ್ಕಳು. ನಾನು ನಡುವಿಗೆ ಸರಿದೆ. ತೊಡೆಯ ಮೇಲೆ ಒಂದು ಮಗು ಬಂತು. ಊರು ಬರುವವರೆಗೆ ಅದು ನನ್ನ ಮಾವಿನಹಣ್ಣಿನ ಮ್ಯಾಗ್ನೆಟ್ಟನ್ನು ಚೀಪುತ್ತ ಕುಳಿತಿತ್ತು. ನನ್ನ ಕಾಲಿಗೆ ಅಲ್ಲಾಡಲು ಜಾಗವಿರಲಿಲ್ಲ.

ಜನ್ಮದಲ್ಲಿ ಕಾರು ಎಂದು ಎತ್ತಬಾರದು ಎಂದಿದ್ದರಲ್ಲ, ನಾನು ಎತ್ತಲಿಲ್ಲ. ಬೇಸಿಗೆಯೆಲ್ಲ ಮಹಡಿ ಹತ್ತಿ ಇಳಿದೆ. ರಸ್ತೆಯಲ್ಲಿ ನಿಂತ ಕಾರುಗಳ ಬಾಗಿಲ ಕೆಳಗೆ ಗೆಣ್ಣಿನಿಂದ ಬಡಿದು ನೋಡುವ ಒಂದು ಚಾಳಿ ಹತ್ತಿತು. ಮದುವೆಮನೆಗಳ ಮುಂದೆ ಹೀಗೆ ಬಡಿಯುತ್ತ ಹೋಗುತ್ತಿದ್ದುದನ್ನು ಕಂಡು ಒಬ್ಬರು ನನ್ನ ಸೊಸೆಯನ್ನು "ನಿಮ್ಮ ಅತ್ತೆ ಆರಾಮಿದಾರಾ?" ಎಂದು ಕೇಳಿದರಂತೆ. ಕೊನೆಗೆ ಮಾತು ಎತ್ತಿದವರು ನನ್ನ ಗಂಡನೇ. ಗೊತ್ತಿದ್ದ ಡಾಕ್ಟರೊಬ್ಬರು ಹೊಸದು ಕೊಂಡು, ತಮ್ಮ ಪುಟ್ಟ ಬಿಳಿ ಕಾರನ್ನು ಮಾರುವವರಿದ್ದರು. ಆಗ ಊರ ತುಂಬ ಓಡಾಡುತ್ತಿದ್ದಂಥದೇ. "ಬೇಕಾದ್ರೆ ನೋಡು. ನಿನ್ನ ಕಾಲಿನ ಕುಣಿತ ನೋಡಾಕಾಗಲ್ಲ," ಎಂದರು.

ಕಾರನ್ನು ನಮ್ಮ ಮನೆಗೇ ತಂದು ನಿಲ್ಲಿಸಿದರು. ಮುದ್ದಾಗಿತ್ತು, ಆದರೆ ನಾಲ್ಕು ಜನರ ಕಾರು. ನಮ್ಮ ಮನೆಯವರು ಏಳು ಜನ ತುಂಬುವ ಕಾರು. ನಾನು ಉತ್ಸಾಹವಿಲ್ಲದೆ ಮ್ಯಾಗ್ನೆಟ್ ಹಿಡಿದು ಸುತ್ತಿದೆ. ಅಂಟಿತು. ಕಡ್ಡಿ ಊರಿದೆ, ಹೋಗಲಿಲ್ಲ. ಮುಂದಿನ ಮ್ಯಾಟುಗಳನ್ನು ಎತ್ತಿದೆ, ಬೆರಳು ಒತ್ತಿ ನೆಕ್ಕಿದೆ. ಬರೀ ಧೂಳು.

"ಹಿಂದಿನ ಸೀಟು ಎತ್ತಪ್ಪ. ಅದರ ಕೆಳಗೂ ನೋಡಬೇಕು," ಎಂದೆ ಮೈದುನನಿಗೆ.

ಅವನು ಬೋಲ್ಟು ಬಿಚ್ಚಿ, ಏದುಸಿರು ಬಿಡುತ್ತ ಸೀಟನ್ನೂ ಅದರ ಬೆನ್ನನ್ನೂ ಎತ್ತಿ ಹೊರಗೆ ಅಂಗಳದಲ್ಲಿಟ್ಟ. ಟಾರ್ಚು ಬಿಟ್ಟು ನೋಡಿದೆ. ಒಂದು ಕಲೆಯಿಲ್ಲದ ಬಿಳಿ ತಗಡು. ಯಾರೂ ಕೂರದ ಒಂದು ಖಾಲಿ ಜಾಗ. ಮುಂದೆ ಎರಡೇ ಸೀಟು.

"ಪಾಸಾ?" ಎಂದರು ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಗಂಡ.

"ಪಾಸು," ಎಂದೆ.

ಮೈದುನ ಸೀಟನ್ನು ಮತ್ತೆ ಎತ್ತಿಕೊಂಡ. "ಬೇಡಪ್ಪ," ಎಂದೆ. "ಅದನ್ನು ಒಳಗೆ ಇಡಬೇಡ. ಅಲ್ಲೇ ಕಟ್ಟೆಯ ಮೇಲೆ ಇಡು, ನಿಮ್ಮಣ್ಣನ ಪಕ್ಕ."

ಅವನಿಗೆ ತಿಳಿಯಲು ಒಂದು ನಿಮಿಷ ಹಿಡಿಯಿತು. ಆಮೇಲೆ ಕಟ್ಟೆಯ ಮೇಲೆ ಸೀಟು ಇಟ್ಟು, ಅದರ ನಡುಮಧ್ಯ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸೀಟು ಈಗಲೂ ಅಲ್ಲೇ ಇದೆ, ಅವನು ಪೇಪರ್ ಓದುವುದು ಅದರ ಮೇಲೆಯೇ. ನಾನು ಕೀ ಹಿಡಿದು ಹೊರಟರೆ ಸಾಕು, "ಅತ್ಗೆವ್ರೆ, ಜಾಗ ಐತೇನ್ರಿ?" ಎನ್ನುತ್ತಾನೆ. "ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದೀಯಲ್ಲಪ್ಪ," ಎನ್ನುತ್ತ ನಾನು ಗೇಟು ದಾಟುತ್ತೇನೆ.

ಮೊದಲ ಸಲ ಪಿ.ಬಿ. ರಸ್ತೆಗೆ ಬಂದಾಗ ಪಕ್ಕದ ಸೀಟನ್ನು ಎಷ್ಟು ಸಲ ನೋಡಿದೆನೋ, ರಸ್ತೆ ನೋಡಲೇ ಇಲ್ಲ. ಖಾಲಿ. ಕಿಟಕಿಯಿಂದ ಗಾಳಿ ಬಂದು ಅದರ ಕವರನ್ನು ಪಟಪಟ ಬಡಿಯುತ್ತಿತ್ತು. ಹರಿಹರದ ಸೇತುವೆಯ ಮೇಲೆ ಹೋಗಿ ನಿಂತು, ಕೆಳಗೆ ಹೊಳೆ ನೋಡಿದೆ. ಪಾಪ, ತಪ್ಪಿಲ್ಲದೆ ಬೈಸಿಕೊಂಡ ಹೊಳೆ. ಅವ್ವಾರ ನೆನಪಾಗಿ ಸುಮ್ಮನಿರಲಾಗಲಿಲ್ಲ. ಕಾರು ತಿರುಗಿಸಿ ಅವರ ಮನೆಯ ಮುಂದೆ ಹಾರ್ನ್ ಹೊಡೆದೆ.

ಅವ್ವಾರು ಗೋಡೆ ಹಿಡಿದು ಹೊರಗೆ ಬಂದರು. "ಬರ್ರಿ ಅವ್ವಾರೆ, ಒಂದು ಸುತ್ತು ಹೋಗಿ ಬರೋಣ," ಎಂದೆ.

"ತಡಿಯವ್ವ, ಬಂದೆ," ಎಂದು ಒಳಗೆ ಹೋದರು. ಸೀರೆ ಬದಲಿಸಲು ಹೋದರೇನೋ ಎಂದುಕೊಂಡೆ. ವಾಪಸು ಬಂದಾಗ ಅದೇ ಸೀರೆ, ಕಂಕುಳಲ್ಲಿ ಮಡಿಸಿದ ಒಂದು ಗೋಣಿಚೀಲ. ಬಾಗಿಲು ತೆಗೆದು, ಬಗ್ಗಿ, ನನ್ನ ಕಾರಿನ ನೆಲದ ಮೇಲೆ ಅದನ್ನು ಮೂಲೆಯಿಂದ ಮೂಲೆಗೆ ಎಳೆದು ಹಾಸಿದರು.

"ಹೊಸ ಗಾಡಿ. ನನ್ನ ಕಾಲು ಮಣ್ಣು," ಎಂದರು.

"ಯಾವ ಚೀಲ ಅವ್ವಾರೆ?"

"ಭಟ್ಟೀದೇ. ಇಲಿ ಬರಲ್ಲ."

ಹಾಸಲಿ ಎಂದು ಬಿಟ್ಟೆ. ಸೇತುವೆಯವರೆಗೆ ಹೋದೆವು, ದಾಟಿದೆವು, ಇನ್ನೂ ಸ್ವಲ್ಪ ಹೋದೆವು. ಅವರು ಸೆರಗು ಬಿಗಿ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, "ಇನ್ನೂ ಜೋರಾಗಿ ಹೋಗ್ತೈತಾ ಇದು?" ಎಂದು ಕೇಳಿದರು. ಹೋಯಿತು.

ಅವರನ್ನು ಮನೆಗೆ ಬಿಟ್ಟು ಚೀಲ ಮಡಿಸಿ ಕೊಟ್ಟೆ. ಓಣಿಯ ತಿರುವು ದಾಟಿ, ಕಾರು ನಿಲ್ಲಿಸಿ, ಆ ಕಡೆಯ ಮ್ಯಾಟು ಎತ್ತಿ, ತಗಡಿನ ಮೇಲೆ ಬೆರಳೊತ್ತಿ ನಾಲಿಗೆಗೆ ಇಟ್ಟು ನೋಡಿದೆ.